ಹೊಸ್ತಿಲಿಗೆ ಮೂರು ಸಲ

ಚೆಸ್ಟರ್ ರೋವೆಲ್ ಕಳೆದ ಶನಿವಾರ ಮಧ್ಯಾಹ್ನ ತೀರಿಕೊಂಡ. ಹೃದಯ ನಿಂತಿತು. ಐವತ್ತೊಂದು ವರ್ಷ. ಡೆಟ್ರಾಯ್ಟ್‌ನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ವಿಲೋ ಪಾಯಿಂಟ್ ನಿವಾಸಿ, ಮನೆ ಮಾರಾಟದ ಕಂಪನಿಯೊಂದರ ಹಿರಿಯ ಅಧಿಕಾರಿ, ಪತ್ನಿ ಹೆಲೆನ್ ಇದ್ದಾರೆ, ತಂದೆ ತಾಯಿ ಮೊದಲೇ ಗತಿಸಿದ್ದಾರೆ.

ಆ ಕೊನೆಯ ಮಾತು ಸುಳ್ಳಲ್ಲ. ತಾಯಿ ಅವನಿಗಿಂತ ನಾಲ್ಕು ದಿನ ಮೊದಲು ಸತ್ತಿದ್ದಳು. ತಮ್ಮ ಬೋಲೆಕ್‌ನ ಹೆಸರನ್ನು ಪತ್ರಿಕೆಯವರಿಗೆ ಯಾರೂ ಕೊಟ್ಟಿರಲಿಲ್ಲ.

ನಮ್ಮ ಪೋಲಿಷ್ ಪೇಟೆಯಲ್ಲಿ ಅವನು ಚೆಸ್ಟರ್ ರೋವೆಲ್ ಅಲ್ಲ, ಚೆಸ್ವಾಫ್ ವ್ರೂಬೆಲ್. ಕರೆಯುವುದು ಚೆಶೆಕ್ ಎಂದು. ಅಪ್ಪ ಇಗ್ನಾಸಿ ಕಾರ್ಖಾನೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಆ ವಾರ ಯಾವ ಬಣ್ಣದ ಕಾರು ಹೊರಬರುತ್ತಿದೆ ಎಂಬುದು ಅವನು ಉಗುಳಿದ ಕಫದಲ್ಲಿ ಗೊತ್ತಾಗುತ್ತಿತ್ತು. ನಾವು ಹುಡುಗರು ಅದನ್ನು ನೋಡಿ ಪಂದ್ಯ ಕಟ್ಟುತ್ತಿದ್ದೆವು. ನಲವತ್ತೆಂಟಕ್ಕೆ ಅವನ ಪುಪ್ಪುಸ ಮುಗಿದುಹೋಯಿತು. ಹಾಸಿಗೆಯಲ್ಲಿ ಮಲಗಿ ಅವನು ಹಿರಿಮಗನಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಈ ದೇಶದಲ್ಲಿ ನಿನ್ನಪ್ಪ ಯಾರು ಅಂತ ಯಾರೂ ಕೇಳಲ್ಲ ಕಣೋ. ನಿನಗೇನು ಬರುತ್ತೆ ಅಂತಷ್ಟೇ ಕೇಳ್ತಾರೆ."

ಚೆಶೆಕ್ ಅದನ್ನು ವೇದವಾಕ್ಯದಂತೆ ನಂಬಿದ. ಹಗಲು ಕಬ್ಬಿಣದ ಸಾಮಾನಿನ ಅಂಗಡಿ, ಸಂಜೆ ಶಾಲೆ. ಇಪ್ಪತ್ತೈದರ ಹೊತ್ತಿಗೆ ಅವನ ಇಂಗ್ಲಿಷ್ ರೇಡಿಯೋದಲ್ಲಿ ಸುದ್ದಿ ಓದುವವರಿಗಿಂತ ನುಣುಪಾಗಿತ್ತು. ಆಮೇಲೆ ಅವನು ಮಾಡಿದ ಕೆಲಸಕ್ಕಾಗಿ ನಮ್ಮ ಬೀದಿ ಇವತ್ತಿಗೂ ಅವನಿಗೆ ಋಣಿ. ಚರ್ಚಿನ ನೆಲಮಾಳಿಗೆಯಲ್ಲಿ, ಬಿಡಿಗಾಸು ತೆಗೆದುಕೊಳ್ಳದೆ, ಪೌರತ್ವದ ಪರೀಕ್ಷೆಗೆ ಹೋಗುವವರಿಗೆ ಪಾಠ ಹೇಳುತ್ತಿದ್ದ. ನಮ್ಮವರಿಗೆ 'ಥ್ಯಾಂಕ್ಯೂ' ಹೊರಳುವುದಿಲ್ಲ, 'ಟೆಂಕ್ಯೂ' ಆಗುತ್ತದೆ. ಚೆಶೆಕ್ ಮುಖದ ಮುಂದೆ ಮೇಣದಬತ್ತಿ ಹಿಡಿಯುತ್ತಿದ್ದ.

"ನಾಲಿಗೆ ಹಲ್ಲಿನ ಸಂದೀಲಿ ಇಡಿ. ಮೆತ್ತಗೆ ಗಾಳಿ ಬಿಡಿ. ದೀಪ ಅಲುಗಬೇಕು, ಆರಬಾರದು."

ಕಸಾಯಿ ಅಂಗಡಿಯ ದಪ್ಪ ಯಜಮಾನ ಪ್ರತಿಸಲವೂ ಆರಿಸಿಬಿಡುತ್ತಿದ್ದ. "ಗುರುಗಳೇ, ನಂಗೆ ಪೌರತ್ವ ಬೇಡ, ಊದೋ ಕೆಲಸ ಎಲ್ಲಾದ್ರೂ ಇದ್ರೆ ಕೊಡಿಸಿ" ಎಂದು ನಗಿಸುತ್ತಿದ್ದ. ಅವನೂ ಸೇರಿ ಮೂವತ್ತೊಂದು ಜನ ಚೆಶೆಕ್‌ನ ಮೇಣದಬತ್ತಿಯ ಮುಂದೆ ಅಮೆರಿಕನ್ನರಾದರು. ಕಣ್ಣು ಮುಚ್ಚಿ ಕೂತು, ಒಂದು ವಾಕ್ಯ ಕೇಳಿ, ಈ ಮನುಷ್ಯನ ಅಪ್ಪ ಪೋಲೆಂಡಿನ ಯಾವ ಸೀಮೆಯವನು ಎಂದು ಹೇಳುವಷ್ಟು ಅವನ ಕಿವಿ ಸೂಕ್ಷ್ಮವಾಯಿತು.

ಯುದ್ಧ ಮುಗಿದ ಮೇಲೆ ಆ ಕಿವಿಗೆ ಗಿರಾಕಿ ಸಿಕ್ಕ. ವಿಟ್ಲಾಕ್ ಎಂಬವನು ವಿಲೋ ಪಾಯಿಂಟ್‌ನಲ್ಲಿ ಮನೆಗಳನ್ನು ಮಾರುತ್ತಿದ್ದ. ಅದು ಸರೋವರದ ದಂಡೆಯ ಊರು. ಎಲ್ಮ್ ಮರಗಳು, ದೋಣಿಕಟ್ಟೆ, ಕತ್ತರಿಸಿ ಬಾಚಿದ ಹುಲ್ಲು. ಅಲ್ಲಿ ಮನೆ ಕೊಳ್ಳಲು ದುಡ್ಡಿದ್ದರೆ ಸಾಲದು, ಅಂಕ ಬೇಕು. ಕೊಳ್ಳಲು ಬಂದವನಿಗೆ ತಿಳಿಯದಂತೆ ಕಂಪನಿಯ ಒಬ್ಬ ಅವನ ಮನೆಗೂ ನೆರೆಹೊರೆಗೂ ಹೋಗಿ, ಯಾವುದೋ ನೆಪದಲ್ಲಿ ಮಾತಾಡಿಸಿ, ಬಂದು ಒಂದು ಹಾಳೆ ತುಂಬುತ್ತಿದ್ದ. ಹೆತ್ತವರು ಎಲ್ಲಿಯವರು? ಬದುಕಿದ್ದರೆ ಜೊತೆಯಲ್ಲೇ ಇದ್ದಾರಾ? ಮಾತಿನಲ್ಲಿ ಪರದೇಶದ ಎಳೆ ಎಷ್ಟಿದೆ? ಮೈಬಣ್ಣ? ಮನೆಗೆ ಬಂದುಹೋಗುವ ಸ್ನೇಹಿತರು ಎಂಥವರು? ಒಟ್ಟಿನಲ್ಲಿ ಬದುಕುವ ರೀತಿ ಅಮೆರಿಕನ್ನರದಾ? ನೂರಕ್ಕೆ ಇಷ್ಟು ಎಂದು ಅಂಕ. ಇಂಗ್ಲಿಷ್ ಮೂಲದವರಿಗೆ ಹಾಳೆಯೇ ಬೇಕಿರಲಿಲ್ಲ. ಪೋಲಿಷರು ಅರವತ್ತು ದಾಟಬೇಕು, ಇಟಲಿಯವರು ಎಪ್ಪತ್ತು, ಯಹೂದಿಗಳು ಎಂಬತ್ತೈದು. ಕಪ್ಪು ಜನರಿಗೂ ಹಾಳೆ ಇರಲಿಲ್ಲ. ಅವರ ಹೆಸರನ್ನು ಯಾರೂ ಬರೆದುಕೊಳ್ಳುತ್ತಲೇ ಇರಲಿಲ್ಲ.

"ನೋಡಯ್ಯ ಚೆಸ್ಟರ್," ಎನ್ನುತ್ತಿದ್ದ ವಿಟ್ಲಾಕ್, "ಬೇರೆಯವರು ಹೋಗಿ ಪರದೆ ಯಾವ ಬಣ್ಣ, ಕುರ್ಚಿ ಎಷ್ಟು ಅಂತ ನೋಡ್ಕೊಂಡು ಬರ್ತಾರೆ. ಹೆಸರು ಬದಲಾಯಿಸಿಕೊಂಡೋರು ಪರದೇನೂ ಬದಲಾಯಿಸಿರ್ತಾರೆ, ಅಷ್ಟೂ ಗೊತ್ತಾಗಲ್ಲ ಇವರಿಗೆ. ನೀನು ಕಿವೀಲಿ ನೋಡ್ತೀಯ. ನಾನು ಸಂಬಳ ಕೊಡೋದು ನಿನ್ನ ಕಿವಿಗೆ."

ಚೆಶೆಕ್ ಹೆಸರು ಬದಲಾಯಿಸಿಕೊಂಡದ್ದು ಆಗಲೇ. ವ್ರೂಬೆಲ್ ಎಂದರೆ ನಮ್ಮಲ್ಲಿ ಗುಬ್ಬಚ್ಚಿ. ರೋವೆಲ್ ಎಂದರೆ ಏನೂ ಅಲ್ಲ, ಅದೇ ಅದರ ಅನುಕೂಲ.

ಲೆನಾರ್ಡ್ ಮಾರ್ಶ್ ಎಂಬ ದಂತವೈದ್ಯ ವಿಲೋ ಪಾಯಿಂಟ್‌ನಲ್ಲಿ ಮನೆ ಕೇಳಿದ್ದ. ಮಾತು ಸ್ವಚ್ಛ, ಹೆಂಡತಿ ಸ್ಕಾಟಿಷ್. ಚೆಶೆಕ್ ಯಾವುದೋ ಮಾಸಪತ್ರಿಕೆಯ ಚಂದಾ ಕೇಳುವವನಂತೆ ಅವನ ಮನೆಗೆ ಹೋದ. ಮೂಲೆಯ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಚೆಶೆಕ್ ಅವನಿಗೆ ಪತ್ರಿಕೆಯ ಒಂದು ಪ್ರತಿ ಕೊಟ್ಟ. ಮುದುಕ "ಟೆಂಕ್ಯೂ" ಅಂದ. ಅಷ್ಟು ಸಾಕಾಯಿತು: ದಂತವೈದ್ಯನ ಅಪ್ಪ ಪೋಲೆಂಡಿನವನು. ಮುದುಕನೂ ಅವನನ್ನೇ ದಿಟ್ಟಿಸಿ, ಪೋಲಿಷ್‌ನಲ್ಲಿ, "ನೀನು ಇಗ್ನಾಸಿ ಮಗ ಅಲ್ವೇನಪ್ಪ? ಮೂಗು ಅವನದೇ" ಅಂದ. ಚೆಶೆಕ್ ಅರ್ಥವಾಗದವನಂತೆ ಮುಗುಳ್ನಕ್ಕು ಹೊರಬಂದು, ಕಾರಿನಲ್ಲಿ ಕೂತು, ಐವತ್ನಾಲ್ಕು ಎಂದು ಬರೆದ. ಬೋಲೆಕ್‌ನ ಮುರಿದ ಹಲ್ಲನ್ನು ಕಾಸಿಲ್ಲದೆ ಕಿತ್ತುಕೊಟ್ಟವನು ಆ ಮಾರ್ಶ್. ಮನೆ ಯಾಕೆ ಸಿಗಲಿಲ್ಲ ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಹೀಗೆ ಒಂಬತ್ತು ವರ್ಷ. ಮನೆಯಲ್ಲಿ ಹೆಂಡತಿ ಹೆಲೆನ್ ದಿನಾ ಕುಟುಕುತ್ತಿದ್ದಳು. ಅವಳು ಬೇಕರಿಯವನ ಮಗಳು ಹಲೀನಾ, ನಮ್ಮ ಪಕ್ಕದ ಬೀದಿಯವಳು. ವಿಟ್ಲಾಕ್‌ನ ಮನೆಗೆ ವರ್ಷಕ್ಕೊಂದು ಸಲ ಚಹಾಕ್ಕೆ ಹೋಗಿಬಂದವಳು ವಾರಗಟ್ಟಲೆ ನಮ್ಮ ಪೇಟೆಯ ನೆಲ ಮೆಟ್ಟಲು ಹೇಸುತ್ತಿದ್ದಳು. "ಊರಿಗೆಲ್ಲ ಬಾಗಿಲು ತೆಗೆದು ಕೊಡ್ತೀಯ, ಮುಚ್ಚಿಯೂ ಕೊಡ್ತೀಯ. ನಾವು ಯಾವಾಗ ಒಳಗೆ ಹೋಗೋದು?" ಎನ್ನುವಳು.

ಸಾವಿರದ ಒಂಬೈನೂರ ಐವತ್ತೈದರ ಬೇಸಿಗೆಯಲ್ಲಿ ಒಂದು ಮನೆ ಖಾಲಿಯಾಯಿತು. ಬಿಳಿ ಗೋಡೆ, ಹಸಿರು ಕಿಟಕಿ, ಹಿತ್ತಲಿನಿಂದ ಸರೋವರ ಕಾಣುವ ಮನೆ. ಚೆಶೆಕ್ ಒಂಬತ್ತು ವರ್ಷ ಬೇರೆಯವರಿಗೆ ತೋರಿಸುತ್ತ ಬಂದ ಕಿಟಕಿಗಳಲ್ಲಿ ಒಂದರ ಒಳಗಡೆ ತಾನು ನಿಲ್ಲಬೇಕು ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ. ವಿಟ್ಲಾಕ್‌ನ ಮುಂದೆ ಹೋಗಿ ನಿಂತ.

"ಕೊಡೋಣ, ಅದಕ್ಕೇನು," ಎಂದ ವಿಟ್ಲಾಕ್. "ಆದ್ರೆ ಹಾಳೆ ಇಲ್ದೆ ಆಗಲ್ಲ, ಅಲ್ಲಿ ಮನೆ ಇರೋರ ಸಂಘದೋರು ಒಪ್ಪಲ್ಲ. ಅದರಲ್ಲಿರೋ ಒಂದು ಮಾತು ಸುಳ್ಳು ಅಂತ ಗೊತ್ತಾದ್ರೂ ಮನೆ ವಾಪಸ್, ಅದು ನಿನಗೇ ಗೊತ್ತು." ಆಮೇಲೆ ಏನೋ ತಮಾಷೆ ಹೊಳೆದವನಂತೆ ನಕ್ಕ. "ನಿನ್ನಷ್ಟು ಬಿಗಿಯಾಗಿ ಅಂಕ ಹಾಕೋನು ನನ್ನ ಹತ್ರ ಯಾರಿದಾನೆ? ನಿನ್ನ ಹಾಳೆ ನೀನೇ ತುಂಬ್ಕೊಂಡು ಬಾ ಹೋಗು."

ಭಾನುವಾರ ಪೂಜೆ ಮುಗಿಸಿ ಬಂದು, ಅಡುಗೆಮನೆಯ ಮೇಜಿನ ಮೇಲೆ ಅವನು ಹಾಳೆ ಬಿಡಿಸಿಕೊಂಡು ಕೂತ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ತಾಯಿ ಬ್ರೋನಿಸ್ವಾವಾ ಹಿಟ್ಟು ಲಟ್ಟಿಸಿ, ಆಲೂಗಡ್ಡೆಯ ಹೂರಣ ಇಟ್ಟು ಕಡುಬಿನ ಅಂಚು ಒತ್ತುತ್ತಿದ್ದಳು. ಅವನು ತನಗೆ ತಾನು ಒಂದು ಅಂಕವನ್ನೂ ಪುಕ್ಕಟೆ ಹಾಕಿಕೊಳ್ಳಲಿಲ್ಲ. ಕೂಡಿದರೆ ಐವತ್ತೇಳು ಬಂತು. ಇನ್ನೊಮ್ಮೆ ಕೂಡಿದ. ಐವತ್ತೇಳು.

"ಏನೋ ಅದು ಚೆಶೂ, ಭಾನುವಾರವೂ ಬರೀತೀಯ?"

"ಆಫೀಸಿನ ಕೆಲಸ ಅಮ್ಮ."

"ಪಾಸಾದನಾ ಯಾರೋ ಪಾಪ?"

"ಇಲ್ಲ."

"ಎಷ್ಟಕ್ಕೆ ತಪ್ಪಿತು?"

"ಮೂರು."

"ಅಯ್ಯೋ, ಮೂರು ತಾನೇ? ಹಾಕಿಬಿಡೋ. ಹೆಂಡ್ತಿ ಮಕ್ಕಳಿರೋನು ಇರ್ತಾನೆ. ನಿನ್ನ ಗಂಟೇನು ಹೋಗುತ್ತೆ?"

ಅಂಕ ಎಲ್ಲಿ ಹೋಗಿದೆ ಎಂಬುದು ಅವನಿಗೆ ಗೊತ್ತಿತ್ತು. ಹೆತ್ತವರ ಸಾಲಿನಲ್ಲಿ: ತಾಯಿ ಇದ್ದಾಳೆ, ಜೊತೆಯಲ್ಲೇ ಇದ್ದಾಳೆ, ಮಾತಿನಲ್ಲಿ ಎಳೆ ತುಂಬಾ ಇದೆ. ಅವನು ಆ ಸಾಲನ್ನು ರಬ್ಬರಿನಿಂದ ಅಳಿಸಿದ. ಹಿಟ್ಟಿನ ಪುಡಿ ಹಾರಿ ಹಾಳೆಯ ಮೇಲೆ ಬಿದ್ದಿತ್ತು, ಅದನ್ನೂ ಊದಿದ. 'ಇಬ್ಬರೂ ಗತಿಸಿದ್ದಾರೆ' ಎಂದು ಬರೆದ. ಅರವತ್ನಾಲ್ಕು ಆಯಿತು.

"ಹಾಕಿದೆಯಾ?" ಎಂದಳು ತಾಯಿ.

"ಹಾಕಿದೆ."

"ನಿಂಗೆ ಪುಣ್ಯ ಬರುತ್ತೆ" ಎಂದು ಅವಳು ಮೊದಲ ಕಡುಬನ್ನು ಅವನ ತಟ್ಟೆಗೇ ಹಾಕಿದಳು.

ಹೊಸ ಮನೆಯಲ್ಲಿ ಬಣ್ಣದ ವಾಸನೆ ಇದೆ, ಅದು ಹೋಗುವವರೆಗೆ ಬೋಲೆಕ್‌ನ ಮನೆಯಲ್ಲಿರು ಎಂದು ಅವಳನ್ನು ಕಳಿಸಿದ. ಬೋಲೆಕ್ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವವನು, ಮಾತು ಕಡಿಮೆ. "ಅಣ್ಣಾ, ವಾಸನೆ ಯಾವುದು ಅಂತ ನಂಗೆ ಗೊತ್ತು," ಎಂದ. "ಅಮ್ಮನ ಪೆಟ್ಟಿಗೆ ಕೊಟ್ಟು ಹೋಗು."

ನಮ್ಮವರಲ್ಲಿ ಹೊಸ ಮನೆಗೆ ಹಿರಿಯರು ರೊಟ್ಟಿ ಮತ್ತು ಉಪ್ಪು ತಂದು ಹೊಸ್ತಿಲಲ್ಲಿ ನಿಂತು ಕೊಡಬೇಕು. ಹಾಗೆ ಮಾಡದ ಮನೆ ಮನೆಯಲ್ಲ, ಛತ್ರ. ಚೆಶೆಕ್ ವಿಲೋ ಪಾಯಿಂಟ್‌ಗೆ ಹೋದ ಎಂಟನೆಯ ದಿನ ಮುದುಕಿ ತಾನೇ ಸುಟ್ಟ ರೊಟ್ಟಿಯನ್ನು ಕಸೂತಿ ಬಟ್ಟೆಯಲ್ಲಿ ಸುತ್ತಿ, ಒಂದು ಪುಟ್ಟ ಬಟ್ಟಲಲ್ಲಿ ಉಪ್ಪು ತುಂಬಿಕೊಂಡು, ಮೂರು ಬಸ್ಸು ಬದಲಿಸಿ ಹೊರಟಳು. ತಲೆಗೆ ಹೂವಿನ ರುಮಾಲು. ವಿಳಾಸ ಬರೆದ ಚೀಟಿಯನ್ನು ಸಿಕ್ಕವರಿಗೆಲ್ಲ ತೋರಿಸುತ್ತ ಹೋದಳು.

ಅವಳು ಮೆಟ್ಟಿಲು ಹತ್ತುವಾಗ ಚೆಶೆಕ್ ಬಾಗಿಲಲ್ಲೇ ಇದ್ದ. ಅವನ ಮುಂದೆ ಪಕ್ಕದ ಮನೆಯ ಮಿಸೆಸ್ ಪ್ರೂಯಿಟ್ ನಿಂತಿದ್ದಳು, ಕೈಯಲ್ಲಿ ಗಾಜಿನ ತಟ್ಟೆ, ತಟ್ಟೆಯಲ್ಲಿ ನಿಂಬೆಹಣ್ಣಿನ ಕೇಕು. ಹೊಸದಾಗಿ ಬಂದವರಿಗೆ ಅಲ್ಲಿನವರು ಹಾಗೆ ತಂದುಕೊಡುತ್ತಾರೆ. ಅವಳ ಗಂಡ ಸಂಘದ ಅಧ್ಯಕ್ಷ.

"ಚೆಶೂ!" ಎಂದಳು ತಾಯಿ.

ಮಿಸೆಸ್ ಪ್ರೂಯಿಟ್ ತಿರುಗಿದಳು. ರುಮಾಲು ನೋಡಿದಳು, ಬೂಟು ನೋಡಿದಳು. "ಯಾರಿವರು ಚೆಸ್ಟರ್?"

ಚೆಶೆಕ್‌ಗೆ ಯೋಚಿಸಲು ಹೊತ್ತಿರಲಿಲ್ಲ ಎಂದು ಹೆಲೆನ್ ಆಮೇಲೆ ಹೇಳುತ್ತಿದ್ದಳು. ಹೊತ್ತಿತ್ತು. ಅವನು ಮಿಸೆಸ್ ಪ್ರೂಯಿಟ್‌ಳ ಕೈಯಿಂದ ತಟ್ಟೆ ತೆಗೆದುಕೊಂಡು, ಉಪಕಾರ ಹೇಳಿ, ಅದನ್ನು ಒಳಗಿನ ಮೇಜಿನ ಮೇಲಿಟ್ಟು ಬಂದು ಉತ್ತರ ಕೊಟ್ಟ.

"ಮನೆ ಕ್ಲೀನ್ ಮಾಡೋಳು. ಇವತ್ತು ಬರೋಕೆ ಹೇಳಿದ್ದೆ."

ತಾಯಿಗೆ ಇಂಗ್ಲಿಷ್ ಮಾತಾಡಲು ಬಾರದು, ಆದರೆ ಮೂವತ್ತೈದು ವರ್ಷ ಕೇಳಿದ್ದಳು. ಅವಳು ಮಗನ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿ, ಇಂಗ್ಲಿಷ್‌ನಲ್ಲಿ, "ಹೌದು ಸಾರ್. ಕ್ಲೀನಿಂಗ್" ಅಂದಳು.

ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಅವಳು ಸಾರ್ ಅಂದದ್ದು ಅದೇ ಮೊದಲು.

"ನೋಡಿ, ಊಟಾನೂ ಕಟ್ಕೊಂಡು ಬಂದಿದಾಳೆ!" ಎಂದಳು ಮಿಸೆಸ್ ಪ್ರೂಯಿಟ್ ರೊಟ್ಟಿಯ ಗಂಟು ನೋಡಿ. "ಇಂಥೋರು ಸಿಗೋದು ಕಷ್ಟ ಕಣ್ರೀ. ನಮ್ಮೋಳು ಬಿಟ್ಟುಹೋಗಿ ತಿಂಗಳಾಯ್ತು. ಏನಮ್ಮಾ, ಗುರುವಾರ ನಮ್ಮನೇಗೂ ಬರ್ತೀಯಾ? ಗುರುವಾರ. ಅರ್ಥ ಆಯ್ತಾ?"

ಚೆಶೆಕ್ ತಾಯಿಯ ಕಡೆ ನೋಡಿದ. ಬೇಡ ಅನ್ನು ಎಂದು ಕಣ್ಣಲ್ಲೇ ಬೇಡಿಕೊಂಡ. ಅವಳಿಗೂ ಅದು ಅರ್ಥವಾಯಿತು.

"ಬರ್ತೀನಮ್ಮ," ಎಂದಳು. "ಗುರುವಾರ."

ಆ ದಿನ ಅವಳು ಮಗನ ಮನೆಯ ಅಡುಗೆಮನೆಯ ನೆಲ ಒರೆಸಿ ಹೋದಳು. ಹೆಲೆನ್ ಬೇಡವೆಂದರೂ ಬಿಡಲಿಲ್ಲ. "ಪಕ್ಕದಮ್ಮ ಕಿಟಕೀಲಿ ನೋಡ್ತಿದಾಳೆ" ಎಂದಳಂತೆ. ರೊಟ್ಟಿಯನ್ನು ವಾಪಸ್ಸು ಬೋಲೆಕ್‌ನ ಮನೆಗೇ ತಂದಳು. ರಾತ್ರಿ ಊಟಕ್ಕೆ ಅವರೆಲ್ಲ ಅದನ್ನೇ ತಿಂದರು.

ಮುಂದೆ ಎರಡು ವರ್ಷ ನಾಲ್ಕು ತಿಂಗಳು ಬ್ರೋನಿಸ್ವಾವಾ ವ್ರೂಬೆಲ್ ಪ್ರತಿ ಗುರುವಾರ ಮೂರು ಬಸ್ಸು ಹಿಡಿದು ಹೋಗಿ, ಮಗನ ಪಕ್ಕದ ಮನೆಯ ಸ್ನಾನದ ಕೋಣೆ ತೊಳೆದು, ಅಂಗಿ ಇಸ್ತ್ರಿ ಮಾಡಿ ಬಂದಳು. ಬೋಲೆಕ್ ಕಾಲಿಗೆ ಬಿದ್ದ, ಕೂಗಾಡಿದ, ಒಂದು ಸಲ ಅವಳ ಬೂಟು ಬಚ್ಚಿಟ್ಟ. ಅವಳು ಅವನ ಬೂಟು ಹಾಕಿಕೊಂಡು ಹೋದಳು.

"ಇಸ್ತ್ರಿ ಮಾಡೋ ಕೋಣೆ ಕಿಟಕಿಯಿಂದ ಅವನ ಅಡುಗೆಮನೆ ಕಾಣುತ್ತೆ ಕಣೋ," ಎಂದಳು. "ಬೆಳಿಗ್ಗೆ ಬರೀ ಕಾಫಿ ಕುಡಿದು ಹೋಗ್ತಾನೆ. ಅವಳು ಏನೂ ಮಾಡಿಹಾಕಲ್ಲ."

ಮೊದಮೊದಲು ಚೆಶೆಕ್ ಗುರುವಾರ ಬೆಳಕು ಹರಿಯುವ ಮುನ್ನ ಮನೆ ಬಿಡುತ್ತಿದ್ದ. ಆಮೇಲೆ ಒಗ್ಗಿಹೋಯಿತು. ಬೇಲಿಯ ಆಚೆ ಕಂಡರೆ "ಹಲೋ ಬ್ರೋನಿ" ಎನ್ನುತ್ತಿದ್ದ. ಅವಳು "ಗುಡ್ ಮಾರ್ನಿಂಗ್ ಮಿಸ್ಟರ್ ರೋವೆಲ್" ಎನ್ನುತ್ತಿದ್ದಳು. ಒಂದು ಚಳಿಗಾಲದ ಬೆಳಿಗ್ಗೆ ಅವನು ಕತ್ತಿಗೆ ಏನೂ ಸುತ್ತಿಕೊಳ್ಳದೆ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದಾಗ ಅವಳು ಕಸದ ಡಬ್ಬ ಇಡಲು ಬಂದಳು. ಸುತ್ತ ಯಾರೂ ಇರಲಿಲ್ಲ. ಮೆಲ್ಲಗೆ ಪೋಲಿಷ್‌ನಲ್ಲಿ, "ಚೆಶೂ, ಮಫ್ಲರ್ ಹಾಕ್ಕೊಳೋ" ಅಂದಳು. ಅವನು ಮೊದಲು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಇಂಗ್ಲಿಷ್‌ನಲ್ಲಿ, "ಏನಂದೆ? ನಂಗರ್ಥ ಆಗ್ಲಿಲ್ಲ" ಅಂದ. ಅವಳು ಡಬ್ಬದ ಮುಚ್ಚಳ ಸರಿಮಾಡಿ ಒಳಗೆ ಹೋದಳು. ಇದನ್ನು ಬೋಲೆಕ್‌ಗೆ ನಗುತ್ತಲೇ ಹೇಳಿದಳಂತೆ. "ಎಷ್ಟು ಚೆನ್ನಾಗಿ ಕಲ್ತಿದಾನೆ ನೋಡು" ಎಂದಳಂತೆ.

ಮಿಸೆಸ್ ಪ್ರೂಯಿಟ್ ಕೆಟ್ಟವಳೇನಲ್ಲ. ಬ್ರೋನಿಯನ್ನು ಕೂರಿಸಿಕೊಂಡು ಕಾಫಿ ಕೊಡುತ್ತಿದ್ದಳು, ಅವಳ ಮಾತನ್ನು ಚೆಶೆಕ್‌ಗೆ ಬೇಲಿಯ ಮೇಲಿಂದ ದಾಟಿಸುತ್ತಿದ್ದಳು. "ಬ್ರೋನಿಗೆ ಇಬ್ಬರು ಮಕ್ಕಳಂತೆ. ಒಬ್ಬ ಕಾರ್ಖಾನೇಲಿ, ಇನ್ನೊಬ್ಬ ಹೋಗ್ಬಿಟ್ಟನಂತೆ. ಯುದ್ಧದಲ್ಲಾ ಅಂತ ಕೇಳ್ದೆ. ಅಲ್ಲಮ್ಮ, ಮನೆ ಬದಲಾಯಿಸುವಾಗ ಅಂದ್ಲು! ಅವಳ ಇಂಗ್ಲಿಷ್ ಕೇಳಿದ್ರೆ ನಗು ತಡೆಯೋಕಾಗಲ್ಲ ಚೆಸ್ಟರ್."

ಚೆಶೆಕ್ ನಕ್ಕ.

ಈ ಫೆಬ್ರವರಿಯ ಎರಡು ಗುರುವಾರ ಅವಳು ಬರಲಿಲ್ಲ. ಶ್ವಾಸಕೋಶದಲ್ಲಿ ನೀರು. ಮಂಗಳವಾರ ಹೋದಳು. ಬೋಲೆಕ್ ಅಣ್ಣನಿಗೆ ಹೇಳಿಕಳಿಸಲಿಲ್ಲ. "ಗತಿಸಿದ್ದಾಳೆ ಅಂತ ಅವನೇ ಬರ್ದಿದಾನಂತಲ್ಲ," ಎಂದ ನಮಗೆ, "ಹಳೇ ಸುದ್ದಿ ಯಾಕೆ ಹೇಳೋದು?" ಹಾಳೆಯ ವಿಷಯ ಹೆಲೆನ್‌ಳ ಬಾಯಿಂದ ಎಂದೋ ಜಾರಿತ್ತು. ಆದರೆ ಕೆಲಸದ ಮನೆಗೆ ತಿಳಿಸಬೇಕಲ್ಲ ಎಂದು ಬೋಲೆಕ್‌ನ ಹೆಂಡತಿ ಮಿಸೆಸ್ ಪ್ರೂಯಿಟ್‌ಗೆ ಫೋನು ಮಾಡಿದಳು.

ಬುಧವಾರ ಬೆಳಿಗ್ಗೆ ಚೆಶೆಕ್ ಸಲಿಕೆಯಿಂದ ಮನೆ ಮುಂದಿನ ಹಿಮ ತೆಗೆಯುತ್ತಿದ್ದ. ಮಿಸೆಸ್ ಪ್ರೂಯಿಟ್ ಬೇಲಿಯ ಹತ್ತಿರ ಬಂದಳು.

"ಚೆಸ್ಟರ್, ಕೇಳಿದ್ರಾ? ನಮ್ಮ ಬ್ರೋನಿ ಹೋಗ್ಬಿಟ್ಟಳು."

"ಎಲ್ಲಿಗೆ?"

"ಸತ್ತುಹೋದಳು ಕಣ್ರೀ. ನಿನ್ನೆ."

ಅವನು ಸಲಿಕೆಯಲ್ಲಿದ್ದ ಹಿಮವನ್ನು ಪಕ್ಕಕ್ಕೆ ಹಾಕಿದ. ಇನ್ನೊಂದು ಸಲಿಕೆ ತೆಗೆದ, ಅದನ್ನೂ ಹಾಕಿದ. "ಓ," ಎಂದ. "ಪಾಪ."

"ಶನಿವಾರ ಮಣ್ಣು. ನಾನು ಹೋಗಬೇಕು, ಇಲ್ಲಾಂದ್ರೆ ಮನಸ್ಸು ತಡೆಯಲ್ಲ. ಇವರು ಫ್ಲಾರಿಡಾದಲ್ಲಿದಾರೆ. ನೀವು ಕೆಲಸದ ಮೇಲೆ ಆ ಕಡೆ ಓಡಾಡ್ತೀರಲ್ಲ, ನನ್ನ ಕರ್ಕೊಂಡು ಹೋಗ್ತೀರಾ?"

ಆಗದು ಎನ್ನಲು ಅವನಿಗೆ ಒಂದೂ ಕಾರಣ ಸಿಗಲಿಲ್ಲ. ಕಾರಣ ಹೇಳುವುದರಲ್ಲೇ ಅಪಾಯವಿತ್ತು.

ಈಚೆಗೆ ನಮ್ಮವರೂ ಶವವನ್ನು ಅಂತ್ಯಕ್ರಿಯೆ ನಡೆಸಿಕೊಡುವ ಅಂಗಡಿಗಳಲ್ಲಿ ಇಡುತ್ತಾರೆ. ಬೋಲೆಕ್ ಒಪ್ಪಲಿಲ್ಲ. ಮುಂದಿನ ಕೋಣೆಯಲ್ಲೇ ಮೂರು ದಿನ ಇಟ್ಟ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾರು ಬಂದು ನಿಂತಾಗ ಬೀದಿಯಲ್ಲಿದ್ದವರೆಲ್ಲ ಅತ್ತ ತಿರುಗಿದರು. ಚೆಶೆಕ್ ಇಳಿದು, ಆ ಕಡೆ ಹೋಗಿ, ಮಿಸೆಸ್ ಪ್ರೂಯಿಟ್‌ಗೆ ಬಾಗಿಲು ತೆಗೆದು, ಹಿಮದಲ್ಲಿ ಜಾರದಂತೆ ಅವಳ ತೋಳು ಹಿಡಿದು ತಂದ. ಒಬ್ಬರೂ ಅವನ ಹೆಸರು ಹಿಡಿದು ಕರೆಯಲಿಲ್ಲ. ಅವನು ಪೌರತ್ವ ಕೊಡಿಸಿದ ಕಸಾಯಿ ಯಜಮಾನ ಬಾಗಿಲ ಬಳಿಯಿದ್ದವನು ಟೋಪಿ ತೆಗೆದು ದಾರಿ ಬಿಟ್ಟ, ಅಷ್ಟೆ.

ಮಿಸೆಸ್ ಪ್ರೂಯಿಟ್ ಪೆಟ್ಟಿಗೆಯ ಹತ್ತಿರ ನಿಂತು ನಿಜವಾಗಿ ಅತ್ತಳು. ಚೆಶೆಕ್ ಅವಳಿಗಿಂತ ಒಂದು ಹೆಜ್ಜೆ ಹಿಂದೆ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ತಾಯಿಗೆ ಅದೇ ಹೂವಿನ ರುಮಾಲು ಕಟ್ಟಿದ್ದರು. ಬೋಲೆಕ್ ಅವರ ಹತ್ತಿರ ಬಂದ.

"ನಿಮ್ಮಮ್ಮ ತುಂಬ ಒಳ್ಳೆಯೋಳು," ಎಂದಳು ಮಿಸೆಸ್ ಪ್ರೂಯಿಟ್. "ಒಂದು ಚಮಚ ಕೂಡ ಆಚೀಚೆ ಆಗ್ಲಿಲ್ಲ ನಮ್ಮನೇಲಿ."

"ಉಪಕಾರ ಅಮ್ಮ," ಎಂದ ಬೋಲೆಕ್. ಆಮೇಲೆ ಅಣ್ಣನ ಕಡೆ ತಿರುಗಿದ. "ತಾವು ಯಾರು ಗೊತ್ತಾಗ್ಲಿಲ್ಲ ಸಾರ್?"

ಕೋಣೆಯಲ್ಲಿ ಜಪಮಣಿ ಎಣಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

"ನಾನು... ಇವರ ಪಕ್ಕದ ಮನೆಯವನು."

"ಅಮ್ಮನ್ನ ಗೊತ್ತಿತ್ತಾ ತಮಗೆ?"

"ಅಷ್ಟಾಗಿ ಇಲ್ಲ. ಬೇಲಿ ಹತ್ರ ನೋಡಿದ್ದೆ."

"ಹೌದಾ," ಎಂದ ಬೋಲೆಕ್. "ಒಂದು ಸಹಾಯ ಆಗ್ಬೇಕಿತ್ತು ಸಾರ್. ಹೊರೋಕೆ ಆರು ಜನ ಬೇಕು, ನಾವು ಐದೇ ಜನ ಇದೀವಿ. ತಮ್ಮಂಥೋರನ್ನ ಕೇಳಬಾರದು. ಆದ್ರೆ ಬೇರೆ ಯಾರೂ ಇಲ್ಲ."

ಬೀದಿ ತುಂಬ ಗಂಡಸರಿದ್ದರು. ಹೊರುವುದಕ್ಕೆ ಬಂದ ನಮ್ಮಲ್ಲಿ ಒಬ್ಬನನ್ನು ಬೋಲೆಕ್ ಬೆಳಿಗ್ಗೆಯೇ ಬೇಡವೆಂದು ಬಿಟ್ಟಿದ್ದ.

"ಹೋಗಿ ಚೆಸ್ಟರ್, ಪಾಪ" ಎಂದಳು ಮಿಸೆಸ್ ಪ್ರೂಯಿಟ್.

ಪೆಟ್ಟಿಗೆಯ ಎಡಗಡೆ, ತಲೆಯ ಹತ್ತಿರದ ಜಾಗ ಖಾಲಿ ಬಿಟ್ಟಿದ್ದರು. ಅದು ಹಿರಿಮಗನ ಜಾಗ. ಚೆಶೆಕ್ ಅಲ್ಲಿ ನಿಂತು ಹಿಡಿಕೆ ಹಿಡಿದ. ಎತ್ತಿದೆವು, ಬಾಗಿಲಿಗೆ ಬಂದೆವು.

ಮನೆಯಿಂದ ಹೆಣ ಹೊರಡುವಾಗ ನಮ್ಮವರು ಪೆಟ್ಟಿಗೆಯನ್ನು ಹೊಸ್ತಿಲಿಗೆ ಮೂರು ಸಲ ತಾಗಿಸುತ್ತಾರೆ. ಸತ್ತವರು ಮನೆಗೆ ವಿದಾಯ ಹೇಳುವುದು ಹಾಗೆ. ತಾಗಿಸುವಾಗ ಸತ್ತವರ ಪರವಾಗಿ ಹಿರಿಮಗ "ದೇವರ ಜೊತೆ ಇರಿ" ಎನ್ನಬೇಕು. ಅಂದು ಬೋಲೆಕ್ ಹೇಳುವುದೆಂದು ಪಾದ್ರಿಯ ಹತ್ತಿರ ಮಾತಾಗಿತ್ತು. ಪರಸ್ಥಳದವನಿಗೆ ತಿಳಿಯುವ ಸಂಗತಿಯಲ್ಲ ಇದು. ತಿಳಿಯದವನು ಆ ಹೊತ್ತಿಗೆ ಎಡವಬೇಕು, ಪೆಟ್ಟಿಗೆ ಅವನ ಕಡೆ ವಾಲಬೇಕು, ಯಾರಾದರೂ "ಇಳಿಸಿ ಸಾರ್, ಇಳಿಸಿ" ಎನ್ನಬೇಕು.

ಹೊಸ್ತಿಲು ಬಂತು. ಬೋಲೆಕ್ ಬಾಯಿ ತೆರೆಯುವ ಮುನ್ನವೇ ಚೆಶೆಕ್‌ನ ಮೂಲೆ ಇಳಿಯಿತು. ಟಕ್. ನಾವು ಉಳಿದವರು ಅವನ ಹಿಂದೆ ಇಳಿಸಿದೆವು. ಟಕ್. ಮೂರನೆಯ ಸಲಕ್ಕೆ ಅವನ ಬಾಯಿಂದಲೇ, ವರ್ಷಗಳಿಂದ ನಾವು ಕೇಳದ ಪೋಲಿಷ್‌ನಲ್ಲಿ, ಮೇಣದಬತ್ತಿ ಆರಿಸುವಷ್ಟು ಗಾಳಿಯೊಂದಿಗೆ ಬಂತು, "ದೇವರ ಜೊತೆ ಇರಿ."

ಕಸಾಯಿ ಯಜಮಾನ ಅಳತೊಡಗಿದ. ನಾವು ಬೋಲೆಕ್‌ನ ಮುಖ ನೋಡಿದೆವು. ಈಗ ಅಣ್ಣಾ ಎನ್ನುತ್ತಾನೆ ಎಂದುಕೊಂಡೆವು. ಬೋಲೆಕ್ ಪೆಟ್ಟಿಗೆಯನ್ನು ಹೆಗಲಿಗೇರಿಸಿದ, ನಾವೂ ಏರಿಸಿದೆವು. ಮೆಟ್ಟಿಲಿಳಿದು ಶವದ ಗಾಡಿಯೊಳಗೆ ತಳ್ಳಿದೆವು. ಅವನು ಕೈ ಒರೆಸಿಕೊಂಡು ಅಣ್ಣನ ಮುಂದೆ ನಿಂತ.

"ತೊಂದರೆ ಕೊಟ್ಟೆ," ಎಂದ. "ಬಂದಿದ್ದಕ್ಕೆ ಉಪಕಾರ ಸಾರ್."

ಮಿಸೆಸ್ ಪ್ರೂಯಿಟ್ ಎರಡು ಮಾರು ಆಚೆ ನಿಂತು ನೋಡುತ್ತಿದ್ದಳು. "ಪರವಾಗಿಲ್ಲ," ಎಂದ ಚೆಶೆಕ್ ಇಂಗ್ಲಿಷ್‌ನಲ್ಲಿ. ಚರ್ಚಿಗೆ ಬರಲಿಲ್ಲ. ಸ್ಮಶಾನಕ್ಕೂ ಬರಲಿಲ್ಲ.

ಮುಂದಿನದು ಮಿಸೆಸ್ ಪ್ರೂಯಿಟ್ ಹೆಲೆನ್‌ಗೆ ಹೇಳಿದ್ದು. ಸರೋವರ ಕಾಣುವ ತಿರುವಿನಲ್ಲಿ ಅವಳೇ ಕೇಳಿದಳಂತೆ.

"ಚೆಸ್ಟರ್, ಬಾಗಿಲ ಹತ್ರ ಪೆಟ್ಟಿಗೆ ತಾಗಿಸಿದ್ರಲ್ಲ. ನಿಮಗೆ ಯಾರೂ ಹೇಳಿಕೊಡ್ಲಿಲ್ಲ."

"ನನ್ನ ಕೆಲಸವೇ ಅದಲ್ವಾ. ಆ ಜನರ ಪದ್ಧತಿ ಎಲ್ಲ ಗೊತ್ತಿರ್ಬೇಕು. ಗೊತ್ತಿಲ್ದೆ ಅಂಕ ಹಾಕೋದು ಹೇಗೆ?"

"ಏನೋ ಅಂದ್ರಿ ಕೂಡ."

"ಮೆಟ್ಟಿಲು ಜಾರುತ್ತೆ ಅಂದೆ."

"ಓ, ಹೌದಾ" ಎಂದಳಂತೆ ಅವಳು. ನಂಬಿದಳೋ ಇಲ್ಲವೋ ಅವಳಿಗೇ ಗೊತ್ತು. ಅವಳ ಮನೆ ಮುಂದೆ ಕಾರು ನಿಂತಾಗ ಕೈಚೀಲ ಎತ್ತಿಕೊಂಡು, "ಗುರುವಾರಕ್ಕೆ ಯಾರಾದ್ರೂ ಬೇಕು ಚೆಸ್ಟರ್, ನಿಮಗೆ ಆ ಕಡೆ ಜನ ಗೊತ್ತಲ್ಲ, ಒಬ್ಬಳನ್ನ ನೋಡಿ. ಈ ಸಲ ಸ್ವಲ್ಪ ಇಂಗ್ಲಿಷ್ ಬರೋಳಾಗಿರ್ಲಿ" ಎಂದಳು.

"ನೋಡ್ತೀನಿ" ಎಂದ.

ಇಳಿದವಳು ಮತ್ತೆ ಕಿಟಕಿಗೆ ಬಗ್ಗಿ, "ನಿಮ್ಮ ಭುಜದ ಮೇಲೆ ಏನೋ ಅಂಟಿದೆ" ಎಂದು ಬೆರಳು ತೋರಿಸಿ ಒಳಗೆ ಹೋದಳು.

ಪೆಟ್ಟಿಗೆಯ ವಾರ್ನಿಷ್ ಇನ್ನೂ ಹಸಿಯಿತ್ತು. ಕರಿ ಕೋಟಿನ ಬಲ ಭುಜದ ಮೇಲೆ ಅಂಗೈಯಗಲ ಹೊಳೆಯುತ್ತಿತ್ತು. ಅವನು ಕಾರನ್ನು ತನ್ನ ಮನೆ ಮುಂದೆ ತಂದು ನಿಲ್ಲಿಸಿದ. ಹೆಲೆನ್ ಕಿಟಕಿಯಿಂದ ನೋಡುತ್ತಿದ್ದಳು, ಈಗ ಇಳಿಯುತ್ತಾನೆ ಎಂದುಕೊಂಡಳು. ಅವನು ಕೊನೆಗೂ ಇಳಿಯಲಿಲ್ಲ. ಕರವಸ್ತ್ರ ತೆಗೆದು, ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಭುಜ ಒರೆಸತೊಡಗಿದ. ಕನ್ನಡಿಯಲ್ಲಿ ನೋಡಿದ. ಮತ್ತೆ ಒದ್ದೆ ಮಾಡಿದ, ಮತ್ತೆ ಉಜ್ಜಿದ, ಗುರುತು ಒಂದಿಷ್ಟೂ ಕಾಣದಂತಾಗುವವರೆಗೆ.